ಫೈಲಿಗೆ ಬಾಲ ಬೆಳೆದಾಗ: ದೇಜಾವೂ ರಾನ್ಸಮ್‌ವೇರ್‌ನ ಒಳಗುಟ್ಟು

"ಒಂದು ಫೋಟೋನೂ ಓಪನ್ ಆಗ್ತಿಲ್ಲ ಮಾರಾಯ. ಎಲ್ಲಾ ಫೈಲಿಗೂ ಒಂದೊಂದು ಬಾಲ ಬಂದ್ಬಿಟ್ಟಿದೆ."

ಬೆಳಿಗ್ಗೆ ಏಳೂವರೆಗೆ ಹೀಗೆ ಫೋನ್ ಮಾಡಿದ್ದು ನಮ್ಮ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯ. ಕೊರೋನಾ ಕಳೆದು ಮದುವೆಗಳು ಮತ್ತೆ ಜೋರಾಗಿದ್ದ ಕಾಲ ಅದು. ಅವನ ಕಂಪ್ಯೂಟರಿನಲ್ಲಿ ಆರು ಮದುವೆ, ಎರಡು ಉಪನಯನ, ಒಂದು ಗೃಹಪ್ರವೇಶ ಇದ್ದವು. ಒಂದರ ಆಲ್ಬಮ್ಮೂ ಇನ್ನೂ ಪ್ರಿಂಟಿಗೆ ಹೋಗಿರಲಿಲ್ಲ. ಅಡ್ವಾನ್ಸ್ ಮಾತ್ರ ಎಲ್ಲರಿಂದಲೂ ಬಂದಿತ್ತು, ಖರ್ಚೂ ಆಗಿತ್ತು.

"ಫೋಲ್ಡರ್ ಒಳಗೆ ಒಂದು ಟೆಕ್ಸ್ಟ್ ಫೈಲ್ ಇದೆಯಾ ನೋಡು" ಅಂದೆ. ಇತ್ತು. ಹೆಸರು 'ರೀಡ್‌ಮಿ', ಅದರ ಮುಂದೊಂದು ಅಂಡರ್‌ಸ್ಕೋರ್. ಒಳಗಿನ ಮೊದಲ ಸಾಲಿನ ಅರ್ಥ ಇಷ್ಟು: ಗಾಬರಿ ಬೇಡ, ನಿಮ್ಮ ಫೈಲುಗಳನ್ನೆಲ್ಲ ವಾಪಸ್ ಪಡೆಯಬಹುದು. ಕನ್ನ ಹಾಕಿದವನೇ ಸಮಾಧಾನ ಹೇಳುವ ಈ ಸಾಲು ಕೇಳಿದ ಕೂಡಲೇ ಇದು ಯಾವ ರೋಗ ಅಂತ ಗೊತ್ತಾಯಿತು. ಸ್ಟಾಪ್, ಅಥವಾ ದೇಜಾವೂ. ಎರಡೂ ಒಂದೇ ಮನೆತನ.

ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ಪ್ರೋಗ್ರಾಂ, ಅಂದ ಕೂಡಲೇ ನಮಗೆ ನೆನಪಾಗುವುದು ದೊಡ್ಡ ಸುದ್ದಿಗಳು. 2017ರ ಮೇ ತಿಂಗಳಲ್ಲಿ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳನ್ನು ಅಲ್ಲಾಡಿಸಿದ ವಾನಾಕ್ರೈ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಕೆಟ್ಟು, ದಿನಗಟ್ಟಲೆ ಎಲ್ಲವನ್ನೂ ಕೈಯಲ್ಲಿ ಬರೆದುಕೊಂಡ ಪ್ರಸಂಗ. ದೇಜಾವೂ ಹಾಗೆ ಪೇಪರಿನ ಮುಖಪುಟಕ್ಕೆ ಬರುವುದೇ ಇಲ್ಲ. ಅದು ಹಿಡಿಯುವುದು ಕಾಲೇಜು ಹುಡುಗನ ಲ್ಯಾಪ್‌ಟಾಪ್, ಡಿಟಿಪಿ ಅಂಗಡಿ, ಮನೆಯಲ್ಲೇ ಕೂತು ಲೆಕ್ಕ ಬರೆಯುವವರ ಹಳೇ ಕಂಪ್ಯೂಟರ್. ಅಲ್ಲಿ ಐಟಿ ವಿಭಾಗ ಇಲ್ಲ, ವಿಮೆ ಇಲ್ಲ, ಬ್ಯಾಕಪ್ ಅನ್ನುವುದು ಬರೀ ಮಾತು. ಆದರೂ ಬಲಿಯಾದವರ ಒಟ್ಟು ಲೆಕ್ಕದಲ್ಲಿ ಇದು ಬಹಳ ದೊಡ್ಡದು. 2019ರ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಎಂಬ ಭದ್ರತಾ ಕಂಪನಿ ಕೊಟ್ಟ ಲೆಕ್ಕ ನೋಡಿ: ಖಚಿತವಾಗಿ ಗೊತ್ತಾದ ಬಲಿಗಳೇ 1,16,000, ಅಂದಾಜಿನಲ್ಲಿ ಸುಮಾರು 4,60,000. ಹೀಗೆ ಸಿಕ್ಕಿಬಿದ್ದವರಲ್ಲಿ ಭಾರತ, ಇಂಡೋನೇಷ್ಯಾದವರು ತುಂಬಾ ಜನ.

ಹೆಸರಿನ ಕತೆ ಸ್ವಲ್ಪ ತಮಾಷೆ. 2017ರ ಕೊನೆಯಲ್ಲಿ ಇದು ಮೊದಲು ಕಂಡಾಗ ಫೈಲಿನ ಹೆಸರಿನ ಕೊನೆಗೆ 'ಸ್ಟಾಪ್' ಅಂತ ಸೇರಿಸುತ್ತಿತ್ತು. ಒಂದು ವರ್ಷದ ಮೇಲೆ 'ದೇಜಾವೂ' ಅಂತ ಸೇರಿಸತೊಡಗಿತು. ದೇಜಾವೂ ಅಂದರೆ ಸ್ಕ್ಯಾನ್ ಮಾಡಿದ ಪುಸ್ತಕಗಳಿಗೆ ಬಳಸುವ ನಿಜವಾದ ಫೈಲ್ ನಮೂನೆ. ಹಳೇ ಕನ್ನಡ ಪುಸ್ತಕಗಳನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡವರಿಗೆ, ವಿಕಿಸೋರ್ಸ್‌ನಲ್ಲಿ ಟೈಪ್ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಆ ಪುಸ್ತಕದ ಫೈಲಿಗೂ ಈ ಪಿಡುಗಿಗೂ ಸಂಬಂಧವೇ ಇಲ್ಲ. ಸುಮ್ನೆ ಹೆಸರು ಕದ್ದಿದ್ದಾರೆ, ಅಷ್ಟೇ. ಮನೆಯಲ್ಲಿ ದೇಜಾವೂ ಪುಸ್ತಕ ಇದ್ದರೆ ಹೆದರಿ ಅಳಿಸಬೇಡಿ.

ಆಮೇಲೆ ಬಾಲ ಬದಲಾಗುತ್ತಲೇ ಹೋಯಿತು. ಪೂಮಾ, ರುಂಬಾ, ಗೆರೋ, ಹೆಸೆ, ಕೂಟ್, ಡರ್ಪ್. ಕೆಲವು ಕಾಲದಲ್ಲಿ ವಾರಕ್ಕೆ ಒಂದಕ್ಕಿಂತ ಜಾಸ್ತಿ ಹೊಸ ಬಾಲ. ಈಚಿನವು ಹೆಚ್ಚಾಗಿ ಅರ್ಥವೇ ಇಲ್ಲದ ನಾಲ್ಕು ಇಂಗ್ಲಿಷ್ ಅಕ್ಷರ. ಹಾಗಾಗಿ ಬಾಲದ ಪಟ್ಟಿಯನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಬಾಲ ಇದೆ ಅನ್ನುವುದೇ ಗುರುತು. 'ಮದುವೆ-214' ಎಂಬ ಜೆಪೆಗ್ ಫೈಲಿನ ಹೆಸರು, ಚುಕ್ಕಿ, ಜೆಪಿಜಿ ಎಲ್ಲ ಹಾಗೇ ಇರುತ್ತದೆ. ಅದರ ನಂತರ ಇನ್ನೊಂದು ಚುಕ್ಕಿ, ನಾಲ್ಕು ಅಕ್ಷರ. ಜೊತೆಗೆ ಫೋಲ್ಡರ್ ಫೋಲ್ಡರಿಗೂ ಆ ರೀಡ್‌ಮಿ ಚೀಟಿ.

ಕೆಲವರು ಬಾಲ ಕತ್ತರಿಸಿ, ಹೆಸರು ಮೊದಲಿನಂತೆ ಮಾಡಿ ನೋಡುತ್ತಾರೆ. ನನ್ನ ಗೆಳೆಯನೂ ಇಪ್ಪತ್ತು ಫೈಲಿಗೆ ಹಾಗೆ ಮಾಡಿದ್ದ. ತೆರೆಯುವುದಿಲ್ಲ. ಕೆಟ್ಟಿರುವುದು ಹೆಸರಲ್ಲ, ಹೊಟ್ಟೆ.

ಚೀಟಿಯಲ್ಲಿ ಬೆಲೆ ಬರೆದಿರುತ್ತದೆ. 980 ಡಾಲರ್. 72 ಗಂಟೆಯೊಳಗೆ ಇಮೇಲ್ ಮಾಡಿದರೆ ಅರ್ಧ ಬೆಲೆ, 490. ಈಚಿನ ಚೀಟಿಗಳಲ್ಲಿ ಇದು 999 ಮತ್ತು 499 ಆಗಿದೆ. ದಸರಾ ಡಿಸ್ಕೌಂಟ್ ಬೋರ್ಡಿನ ಹಾಗೆಯೇ ಇದೂ ಯೋಚಿಸಲು ಸಮಯ ಕೊಡದೆ ಓಡಿಸುವ ತಂತ್ರ. ಒಂದು ಫೈಲ್ ಕಳಿಸಿ, ಉಚಿತವಾಗಿ ಬಿಡಿಸಿ ತೋರಿಸುತ್ತೇವೆ ಅಂತಲೂ ಇರುತ್ತದೆ. ಕೊನೆಯಲ್ಲಿ 'ಪರ್ಸನಲ್ ಐಡಿ' ಅಂತ ಅಂಕಿ-ಅಕ್ಷರ ಬೆರೆತ ಉದ್ದನೆಯ ಸಾಲು. ಆ ಸಾಲನ್ನು ಯಾರೂ ಗಮನಿಸುವುದಿಲ್ಲ. ಇಡೀ ಚೀಟಿಯಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಅದೊಂದೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಇದು ಒಳಗೆ ಬಂದದ್ದು ಹೇಗೆ?

"ಏನು ಇನ್‌ಸ್ಟಾಲ್ ಮಾಡಿದೆ?" ಅಂತ ಕೇಳಿದೆ. "ಏನೂ ಇಲ್ಲ" ಅಂದ. ಎಲ್ಲರೂ ಮೊದಲು ಹೇಳುವುದು ಇದನ್ನೇ. ಹತ್ತು ನಿಮಿಷದ ಮೇಲೆ ಬಾಯಿ ಬಿಟ್ಟ. ಆಲ್ಬಂ ಡಿಸೈನ್ ಮಾಡುವ ಒಂದು ಪ್ಲಗಿನ್ನಿನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸುವಂತೆ ಬೀಗ ಮುರಿದ ಕಳ್ಳ ಪ್ರತಿ, ಹುಡುಕಿ ಇಳಿಸಿದ್ದ. ಜಿಪ್ ಫೈಲ್, ಅದಕ್ಕೊಂದು ಪಾಸ್‌ವರ್ಡ್, ಒಳಗೊಂದು ಸೆಟಪ್. ಡಬಲ್ ಕ್ಲಿಕ್ ಮಾಡಿದ. ಏನೂ ಆಗಲಿಲ್ಲ. ಕ್ರ್ಯಾಕ್ ಕೆಲಸ ಮಾಡುತ್ತಿಲ್ಲ ಅಂದುಕೊಂಡು ಊಟಕ್ಕೆ ಹೋದ.

ದೇಜಾವೂಗೆ ಇದೇ ಹೆದ್ದಾರಿ. ಕ್ರ್ಯಾಕ್, ಕೀಜೆನ್ (ಕಳ್ಳ ಲೈಸೆನ್ಸ್ ನಂಬರು ಹುಟ್ಟಿಸುವ ಪ್ರೋಗ್ರಾಂ), ವಿಂಡೋಸ್ ಮತ್ತು ಆಫೀಸ್ ಆಕ್ಟಿವೇಟರ್, ಗೇಮ್‌ಗಳ ಕಳ್ಳ ಪ್ರತಿ. ನಮ್ಮಲ್ಲಿ ಫೋಟೋಶಾಪ್, ಕೋರಲ್‌ಡ್ರಾ, ಪೇಜ್‌ಮೇಕರ್‌ಗೆ ದುಡ್ಡು ಕೊಟ್ಟು ಕೂತಿರುವ ಸಣ್ಣ ಅಂಗಡಿಗಳು ಎಷ್ಟಿವೆ? ಇದನ್ನು ನೀತಿಪಾಠ ಮಾಡಲು ಹೇಳುತ್ತಿಲ್ಲ. ತಿಂಗಳ ಬಾಡಿಗೆ ಕಟ್ಟಿ ಸಾಫ್ಟ್‌ವೇರ್ ಬಳಸುವಷ್ಟು ಆದಾಯ ಎಲ್ಲರಿಗೂ ಇಲ್ಲ ಅನ್ನುವುದು ನಿಜ. ನನ್ನ ತಕರಾರು ಬೇರೆ. ಕ್ರ್ಯಾಕಿನ ಜೊತೆ ಬರುವ ಸೂಚನೆ ಓದಿ ನೋಡಿ. ಮೊದಲ ಸಾಲೇ 'ಆಂಟಿವೈರಸ್ ಆಫ್ ಮಾಡಿ' ಅಂತ ಇರುತ್ತದೆ. ಎಚ್ಚರಿಕೆ ಬಂದರೆ ಅದು ಸುಳ್ಳು, ಅಲಕ್ಷಿಸಿ ಅಂತಲೂ ಇರುತ್ತದೆ. ಕ್ರ್ಯಾಕ್ ಬಳಸುವವರಿಗೆಲ್ಲ ಇದು ಎಷ್ಟು ರೂಢಿಯಾಗಿದೆ ಅಂದರೆ, ನಾಯಿ ಕಟ್ಟಿ ಹಾಕಿ ಗೇಟು ತೆಗೆಯುವುದು ನಾವೇ. ಕಳ್ಳನಿಗೆ ಯಾವ ಜಾಣತನವೂ ಬೇಕಿಲ್ಲ. ಆಂಟಿವೈರಸ್ ಕಣ್ಣು ತಪ್ಪಿಸುವ ಹೊಸ ಹೊಸ ವಿದ್ಯೆ ಕಲಿಯಲು ದೊಡ್ಡ ಗುಂಪುಗಳು ಒದ್ದಾಡುತ್ತವೆ. ಇವರು ಆಫ್ ಮಾಡಿ ಅಂದರು, ನಾವು ಆಫ್ ಮಾಡಿದೆವು.

ಇನ್ನು ಆ ಡಬಲ್ ಕ್ಲಿಕ್ ನಂತರ ಏನಾಗುತ್ತದೆ ನೋಡೋಣ.

ಮೊದಲು ಅದು ನೀವು ಯಾವ ದೇಶದವರು ಅಂತ ವಿಚಾರಿಸುತ್ತದೆ. ಐಪಿ ವಿಳಾಸದಿಂದ ಊರು ಹೇಳುವ ಒಂದು ವೆಬ್‌ಸೈಟನ್ನು ಕೇಳಿ ತಿಳಿದುಕೊಳ್ಳುತ್ತದೆ. ರಷ್ಯಾ, ಬೆಲಾರಸ್, ಉಕ್ರೇನ್, ಕಜಕಸ್ತಾನದಂಥ ಕೆಲವು ದೇಶ ಅಂತ ಉತ್ತರ ಬಂದರೆ ಏನೂ ಮಾಡದೆ ನಿಂತುಬಿಡುತ್ತದೆ. ಬರೆದವರು ಯಾವ ಕಡೆಯವರು ಇರಬಹುದು ಅನ್ನುವ ಅನುಮಾನ ಬರುವುದು ಇಲ್ಲಿಂದಲೇ. ತಮ್ಮ ಊರಿನ ಪೊಲೀಸರನ್ನು ಎದುರು ಹಾಕಿಕೊಳ್ಳದ ಜಾಗ್ರತೆ ಅದು. ಭಾರತ ಆ ಪಟ್ಟಿಯಲ್ಲಿ ಇಲ್ಲ.

ಆಮೇಲೆ ಅದು ಮನೆ ಹೂಡುತ್ತದೆ. ಬಳಕೆದಾರರ ಆಪ್‌ಡೇಟಾ ಫೋಲ್ಡರಿನೊಳಗೆ ಉದ್ದನೆಯ ಅಂಕಿ-ಅಕ್ಷರಗಳ ಹೆಸರಿನ ಒಂದು ಫೋಲ್ಡರ್ ಮಾಡಿ, ತನ್ನದೊಂದು ಪ್ರತಿ ಅಲ್ಲಿಡುತ್ತದೆ. ಆ ಫೋಲ್ಡರನ್ನು ಸುಲಭಕ್ಕೆ ಅಳಿಸಲಾಗದಂತೆ ಅನುಮತಿಗಳನ್ನೂ ಬದಲಿಸುತ್ತದೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ 'ಟೈಮ್ ಟ್ರಿಗರ್ ಟಾಸ್ಕ್' ಎಂಬ ಕೆಲಸವೊಂದನ್ನು ಸೇರಿಸುತ್ತದೆ. ಇದು ಪದೇ ಪದೇ ಓಡುತ್ತದೆ. ಒಂದು ಸಲ ಬೀಗ ಹಾಕಿ ಮುಗಿಯಿತು ಅಂದುಕೊಂಡು ನೀವು ಬ್ಯಾಕಪ್ ಪೆನ್‌ಡ್ರೈವ್ ಚುಚ್ಚಿದರೆ, ಅದಕ್ಕೂ ಬಾಲ ಬರುವುದು ಇದರಿಂದ. ಉಳಿದಿದ್ದ ಒಂದೇ ಪ್ರತಿಯನ್ನೂ ಹೀಗೆ ಕಳೆದುಕೊಂಡವರಿದ್ದಾರೆ.

ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ಫೈಲುಗಳ ಹಳೇ ನೆರಳು ಪ್ರತಿಗಳನ್ನು ಅಳಿಸಲು ನೋಡುತ್ತದೆ. ಹೋಸ್ಟ್ಸ್ ಎಂಬ ಸಣ್ಣ ಫೈಲನ್ನು ತಿದ್ದಿ ಭದ್ರತಾ ವೆಬ್‌ಸೈಟುಗಳನ್ನು ಮುಚ್ಚುತ್ತದೆ. ಬೇರೆಲ್ಲ ಸೈಟು ತೆರೆಯುತ್ತದೆ, ಪರಿಹಾರ ಸಿಗುವ ಸೈಟು ಮಾತ್ರ ತೆರೆಯುವುದಿಲ್ಲ ಅಂದರೆ ಇದೂ ಒಂದು ಗುರುತು. 2019ರ ಕೆಲವು ತಳಿಗಳು ಇನ್ನೊಂದು ನಾಟಕ ಮಾಡುತ್ತಿದ್ದವು. ಪರದೆಯ ಮೇಲೆ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಅನ್ನುವ ನಕಲಿ ಕಿಟಕಿ. ಹಾರ್ಡ್ ಡಿಸ್ಕ್ ದೀಪ ಒಂದೇ ಸಮ ಮಿನುಗುತ್ತಿದ್ದರೂ, ಮೆಷಿನ್ ಏದುಸಿರು ಬಿಡುತ್ತಿದ್ದರೂ ಅಪ್‌ಡೇಟ್ ಅಲ್ವಾ ಅಂತ ನಾವು ಸುಮ್ಮನಿರಬೇಕು. ನಮ್ಮ ಸಹನೆಯನ್ನೂ ಚೆನ್ನಾಗಿ ಬಲ್ಲವರು.

ಈ ಗದ್ದಲದ ನಡುವೆ ಇನ್ನೊಂದು ಕೆಲಸ ಸದ್ದಿಲ್ಲದೆ ಆಗಿರುತ್ತದೆ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಒಂದನ್ನು ಇದು ಜೊತೆಗೆ ಕರೆತರುತ್ತದೆ. ಮೊದಮೊದಲು ಅಜೋರಲ್ಟ್, ಆಮೇಲೆ ವಿಡಾರ್, ರೆಡ್‌ಲೈನ್. ಬ್ರೌಸರಿನಲ್ಲಿ 'ಸೇವ್' ಮಾಡಿಟ್ಟ ಪಾಸ್‌ವರ್ಡ್, ಲಾಗಿನ್ ನೆನಪಿಟ್ಟುಕೊಳ್ಳುವ ಕುಕೀಗಳು, ಕ್ರಿಪ್ಟೋ ಇದ್ದರೆ ಅದರ ವಾಲೆಟ್, ಎಲ್ಲ ಬಾಚಿಕೊಂಡು ಹೋಗುತ್ತದೆ. ಜನ ಫೋಟೋ ಹೋಯಿತು ಅಂತ ಅಳುತ್ತಾ, ಫಾರ್ಮ್ಯಾಟ್ ಮಾಡಿಸಿ, ಅದೇ ಜಿಮೇಲ್ ಪಾಸ್‌ವರ್ಡ್ ಹಾಕಿ ಕೂರುತ್ತಾರೆ. ತಿಂಗಳ ಮೇಲೆ ಅವರ ಫೇಸ್‌ಬುಕ್ಕಿನಿಂದ ಯಾರೋ ದುಡ್ಡು ಕೇಳಲು ಶುರು ಮಾಡುತ್ತಾರೆ. ನನ್ನ ಪ್ರಕಾರ ದೇಜಾವೂ ಹೊಕ್ಕ ದಿನ ಮಾಡಬೇಕಾದ ಮೊದಲ ಕೆಲಸಗಳಲ್ಲಿ ಒಂದು, ಬೇರೆ ಸ್ವಚ್ಛ ಫೋನಿನಿಂದ ಇಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗೌಟ್ ಮಾಡುವುದು. ಫೋಟೋ ನಾಳೆ ನೋಡಿಕೊಳ್ಳಬಹುದು.

ಈಗ ಬೀಗದ ಕತೆ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ದೇಜಾವೂ ಎರಡು ಬೀಗ ಬಳಸುತ್ತದೆ. ಫೈಲಿನ ಹೊಟ್ಟೆಯನ್ನು ಕಲಸುವುದು ಸಾಲ್ಸಾ20 ಎಂಬ ವೇಗದ ಬೀಗ. ಪ್ರತಿ ಫೈಲಿಗೂ ಬೇರೆ ಬೇರೆ ಕೀಲಿ. ಆ ಕೀಲಿಯನ್ನು ಆರ್‌ಎಸ್‌ಎ ಎಂಬ ಇನ್ನೊಂದು ಬೀಗದೊಳಗೆ ಹಾಕಿ, ಅದೇ ಫೈಲಿನ ಕೊನೆಗೆ ಅಂಟಿಸಿಬಿಡುತ್ತದೆ. ಆರ್‌ಎಸ್‌ಎಯ ವಿಶೇಷ ಅಂದರೆ ಮುಚ್ಚುವ ಕೀಲಿ ಬೇರೆ, ತೆಗೆಯುವ ಕೀಲಿ ಬೇರೆ. ದೇವಸ್ಥಾನದ ಹುಂಡಿಯ ಹಾಗೆ. ಹಾಕುವುದು ಯಾರು ಬೇಕಾದರೂ ಹಾಕಬಹುದು, ತೆಗೆಯಲು ಧರ್ಮದರ್ಶಿಯ ಹತ್ತಿರ ಇರುವ ಕೀಲಿಯೇ ಬೇಕು. ನಿಮ್ಮ ಕಂಪ್ಯೂಟರಿಗೆ ಬಂದಿರುವುದು ಹುಂಡಿಯ ಕಿಂಡಿ ಮಾತ್ರ. ತೆಗೆಯುವ ಕೀಲಿ ಅಲ್ಲಿಗೆ ಬಂದೇ ಇರುವುದಿಲ್ಲ. ಅದಕ್ಕೇ ಎಷ್ಟೇ ಬುದ್ಧಿವಂತ ಹುಡುಗ ಬಂದು ಎಷ್ಟೇ ತಡಕಾಡಿದರೂ ಅದು ಸಿಗುವುದಿಲ್ಲ.

ಆದರೆ ಆ ಕಿಂಡಿ ಎಲ್ಲಿಂದ ಬಂತು ಅನ್ನುವುದರ ಮೇಲೆ ನಿಮ್ಮ ಹಣೆಬರಹ ನಿಂತಿದೆ. ಬೀಗ ಹಾಕುವ ಮುನ್ನ ದೇಜಾವೂ ತನ್ನ ಯಜಮಾನನ ಸರ್ವರ್‌ಗೆ ಫೋನ್ ಹಚ್ಚುತ್ತದೆ. ಸರ್ವರ್ ಸಿಕ್ಕಿದರೆ ನಿಮ್ಮೊಬ್ಬರಿಗೇ ಅಂತ ಒಂದು ಹೊಸ ಕಿಂಡಿ ಕಳಿಸುತ್ತದೆ. ಇದು ಆನ್‌ಲೈನ್ ಕೀ. ಸರ್ವರ್ ಸತ್ತಿದ್ದರೆ, ನೆಟ್ ಇಲ್ಲದಿದ್ದರೆ, ಸಂಪರ್ಕ ಸಿಗದಿದ್ದರೆ ಅದು ಕಾಯುವುದಿಲ್ಲ. ಜೇಬಿನಲ್ಲಿ ಮೊದಲೇ ಇಟ್ಟುಕೊಂಡು ಬಂದ ಒಂದು ಕಿಂಡಿಯನ್ನೇ ಬಳಸುತ್ತದೆ. ಇದು ಆಫ್‌ಲೈನ್ ಕೀ. ಆ ತಳಿಯಿಂದ ಹೀಗೆ ಆಫ್‌ಲೈನಿನಲ್ಲಿ ಸಿಕ್ಕಿಬಿದ್ದವರಿಗೆಲ್ಲ ಒಂದೇ ಕೀಲಿ. ಅವರಲ್ಲಿ ಯಾರೋ ಒಬ್ಬರು ದುಡ್ಡು ಕೊಟ್ಟು ಕೀಲಿ ಪಡೆದು ಸಂಶೋಧಕರಿಗೆ ಹಂಚಿಕೊಂಡರೆ, ಉಳಿದವರೆಲ್ಲರ ಹುಂಡಿಯೂ ತೆರೆಯುತ್ತದೆ.

ನಿಮ್ಮದು ಯಾವುದು ಅಂತ ತಿಳಿಯುವುದು ಹೇಗೆ? ಆ ಪರ್ಸನಲ್ ಐಡಿಯ ಕೊನೆಯ ಎರಡು ಗುರುತು ನೋಡಿ. ಇಂಗ್ಲಿಷಿನ ಸಣ್ಣ ಅಕ್ಷರದ 'ಟಿ', ಅದರ ಪಕ್ಕ 1 ಅಂಕಿ ಇದ್ದರೆ ಆಫ್‌ಲೈನ್. ಬೇರೆ ಏನೇ ಇದ್ದರೂ ಆನ್‌ಲೈನ್. ಸಿ ಡ್ರೈವಿನಲ್ಲಿ 'ಸಿಸ್ಟಂ ಐಡಿ' ಎಂಬ ಫೋಲ್ಡರ್ ಇರುತ್ತದೆ, ಅದರೊಳಗಿನ 'ಪರ್ಸನಲ್ ಐಡಿ' ಫೈಲನ್ನೂ ತೆರೆದು ನೋಡಿ. ಅಲ್ಲಿ ಒಂದಕ್ಕಿಂತ ಹೆಚ್ಚು ಐಡಿ ಇರಬಹುದು. ಅರ್ಧ ಫೈಲಿಗೆ ಬೀಗ ಹಾಕುವಾಗ ನೆಟ್ ಇದ್ದು, ಮಧ್ಯೆ ಹೋಗಿ, ಉಳಿದವಕ್ಕೆ ಆಫ್‌ಲೈನ್ ಕೀ ಬಿದ್ದಿರುವುದೂ ಉಂಟು. ನಮ್ಮ ಮಲೆನಾಡಿನ ಇಂಟರ್ನೆಟ್ಟಿನಿಂದ ಯಾರಿಗಾದರೂ ಒಳ್ಳೆಯದಾಗಿದ್ದರೆ ಇದೊಂದೇ ಸಂದರ್ಭದಲ್ಲಿ ಇರಬೇಕು.

ನನ್ನ ಗೆಳೆಯನ ದುರದೃಷ್ಟ, ಅವತ್ತು ನೆಟ್ ಚೆನ್ನಾಗಿತ್ತು. ಐಡಿ ಒಂದೇ. ಟಿ1 ಇಲ್ಲ.

2019ರ ಆಗಸ್ಟಿಗಿಂತ ಹಿಂದಿನ ತಳಿಗಳ ಕತೆ ಬೇರೆ. ಆಗ ಬರೆದವರು ಒಂದು ಪೆದ್ದುತನ ಮಾಡಿದ್ದರು. ಫೈಲಿನ ಮೊದಲ 5 ಬೈಟುಗಳನ್ನು ಮುಟ್ಟದೆ ಬಿಟ್ಟು, ಅವನ್ನೇ ಕೀಲಿಯ ಲೆಕ್ಕದಲ್ಲಿ ಸೇರಿಸುತ್ತಿದ್ದರು. ಹಾಗಾಗಿ ಮೊದಲ 5 ಬೈಟು ಒಂದೇ ಆಗಿರುವ ಫೈಲುಗಳಿಗೆಲ್ಲ ಒಂದೇ ಕಲಸು. ಒಂದು ಫೈಲಿನ ಮೂಲ ಪ್ರತಿ ಎಲ್ಲಾದರೂ ಸಿಕ್ಕಿದರೆ ಸಾಕು. ಹಿಂದೆ ಯಾರಿಗೋ ಇಮೇಲ್ ಮಾಡಿದ್ದು ಆಗಬಹುದು, ಇಂಟರ್ನೆಟ್ಟಿನಿಂದ ಇಳಿಸಿದ್ದು ಆಗಬಹುದು. ಮೂಲ ಮತ್ತು ಬೀಗ ಬಿದ್ದ ಪ್ರತಿ ಎರಡನ್ನೂ ಎದುರು ಬದುರು ಇಟ್ಟರೆ ನಡುವಿನ ವ್ಯತ್ಯಾಸವೇ ಆ ಕಲಸು. ಅದೇ ಬಗೆಯ ಉಳಿದ ಫೈಲುಗಳಿಗೂ ಅದನ್ನು ಹಾಯಿಸಬಹುದು. ಮೈಕೆಲ್ ಗಿಲೆಸ್ಪಿ ಎಂಬ ಅಮೆರಿಕದ ಪ್ರೋಗ್ರಾಮರ್ ಮತ್ತು ಎಮ್ಸಿಸಾಫ್ಟ್ ಸೇರಿ 2019ರ ಅಕ್ಟೋಬರಿನಲ್ಲಿ ಇದಕ್ಕೊಂದು ಉಚಿತ ಸಾಧನ ಬಿಟ್ಟರು. ಅಷ್ಟು ಹೊತ್ತಿಗೆ ಇದ್ದ ಸುಮಾರು 160 ತಳಿಗಳಲ್ಲಿ 148ಕ್ಕೆ ಅದು ಪರಿಹಾರ. ಆದರೆ ಕಳ್ಳರು ಸುಮ್ಮನಿರುತ್ತಾರೆಯೇ? ಆ ಸಾಧನ ಬರುವ ಮೊದಲೇ, ಆಗಸ್ಟಿನಿಂದಲೇ ಪೆದ್ದುತನ ತಿದ್ದಿಕೊಂಡಿದ್ದರು. ಈಗಿನ ತಳಿಗಳಿಗೆ ಆ ಜೋಡಿ ಫೈಲಿನ ಉಪಾಯ ನಡೆಯುವುದಿಲ್ಲ.

ಆದರೂ ಒಂದು ದೌರ್ಬಲ್ಯ ಉಳಿದಿದೆ. ಅದು ಪೆದ್ದುತನವಲ್ಲ, ಅವಸರ. ದೊಡ್ಡ ಫೈಲುಗಳನ್ನೆಲ್ಲ ಪೂರ್ತಿ ಕಲಸುತ್ತಾ ಕೂತರೆ ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಯಾರಾದರೂ ಮೆಷಿನ್ ಆಫ್ ಮಾಡಿಬಿಡಬಹುದು. ಅದಕ್ಕೆ ದೇಜಾವೂ ಮೊದಲ 5 ಬೈಟು ಬಿಟ್ಟು, ಅಲ್ಲಿಂದ ಸುಮಾರು 150 ಕೆಬಿ ಮಾತ್ರ ಕಲಸಿ ಮುಂದಿನ ಫೈಲಿಗೆ ಹೋಗುತ್ತದೆ. ಒಂದು ವರ್ಡ್ ಫೈಲ್, ಒಂದು ಎಕ್ಸೆಲ್ ಲೆಕ್ಕ 150 ಕೆಬಿಗಿಂತ ಚಿಕ್ಕದಿದ್ದರೆ ಅದರ ಕತೆ ಮುಗಿಯಿತು. ಆದರೆ ಎರಡು ಜಿಬಿಯ ಮದುವೆ ವಿಡಿಯೋದಲ್ಲಿ 150 ಕೆಬಿ ಅಂದರೆ ಸಮುದ್ರಕ್ಕೆ ಒಂದು ಚೊಂಬು. ಮಾಂಗಲ್ಯಧಾರಣೆ, ಸಪ್ತಪದಿ, ಊಟದ ಪಂಕ್ತಿ ಎಲ್ಲ ಒಳಗೆ ಹಾಗೇ ಕೂತಿರುತ್ತದೆ. ಪ್ಲೇಯರ್‌ಗೆ ದಾರಿ ತೋರಿಸುವ ತಲೆಭಾಗ ಮಾತ್ರ ಹೋಗಿರುತ್ತದೆ.

ಈ ತಲೆಯನ್ನು ಬೇರೆ ಕಡೆಯಿಂದ ತಂದು ಜೋಡಿಸಬಹುದು. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೋ ಇದ್ದರೆ ಅದನ್ನು ಮಾದರಿಯಾಗಿ ಕೊಟ್ಟು ರಿಪೇರಿ ಮಾಡುವ 'ಮೀಡಿಯಾ ರಿಪೇರ್' ಎಂಬ ಉಚಿತ ಸಾಧನ ಇದೆ. ಡಿಸ್ಕ್‌ಟ್ಯೂನಾ ಎಂಬ ಡೇಟಾ ರಿಕವರಿಯವರು ಮಾಡಿದ್ದು, ಇದೇ ರೋಗಕ್ಕೆ ಅಂತಲೇ. ಎಂಪಿ4, ಎಂಓವಿ ವಿಡಿಯೋ, ಎಂಪಿ3, ವೇವ್ ಆಡಿಯೋಗೆ ನಡೆಯುತ್ತದೆ. ನೂರಕ್ಕೆ ನೂರು ಬರುವುದಿಲ್ಲ, ಮೊದಲ ಕೆಲವು ಕ್ಷಣ ಹೋಗುತ್ತದೆ. ಜಿಪ್ ಫೈಲುಗಳಲ್ಲೂ ಹೀಗೇ. ಮೊದಲ ಒಂದೆರಡು ಫೈಲು ಹಾಳಾಗಿ, ಉಳಿದವು ಹೊರಗೆ ಬರಬಹುದು. ಜೆಪೆಗ್ ಫೋಟೋಗಳು ಮಾತ್ರ ಕಷ್ಟ. ದೊಡ್ಡ ಫೋಟೋ ಆದರೆ, ಅದೇ ಕ್ಯಾಮೆರಾದ ಬೇರೆ ಫೋಟೋದಿಂದ ತಲೆ ಎರವಲು ತಂದು ಕೂರಿಸಿದರೆ ಕೆಳಗಿನ ಭಾಗ ಬರುತ್ತದೆ, ಮೇಲಿನ ಪಟ್ಟಿ ಹೋಗಿರುತ್ತದೆ. ಮಂಟಪದ ತೋರಣ ಹೋಗಿ ಮದುಮಕ್ಕಳು ಉಳಿದರೆ ಲಾಭ. ಒಂದೊಂದೇ ಫೋಟೋಗೆ ಕೂತು ಮಾಡಬೇಕು, ಅದೊಂದು ತಲೆನೋವು.

ಸ್ಟುಡಿಯೋದವರಿಗೆ ಇನ್ನೊಂದು ದಾರಿಯೂ ಇದೆ. ಅದು ಎಷ್ಟೋ ಸಲ ನೆನಪಿಗೇ ಬರುವುದಿಲ್ಲ. ಮೆಮೊರಿ ಕಾರ್ಡ್. ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಕಾರ್ಡ್ ಫಾರ್ಮ್ಯಾಟ್ ಮಾಡಿದರೂ, ಅದರ ಮೇಲೆ ಹೊಸದು ತೆಗೆಯುವವರೆಗೆ ಹಳೆಯದು ಒಳಗೇ ಇರುತ್ತದೆ. ಫೋಟೋರೆಕ್ ಎಂಬ ಉಚಿತ ಸಾಧನ ಅದನ್ನು ಹೊರಗೆಳೆಯುತ್ತದೆ. "ಕಾರ್ಡ್ ಎಲ್ಲಿದೆ? ಕ್ಯಾಮೆರಾ ಮುಟ್ಟಬೇಡ, ಒಂದು ಕ್ಲಿಕ್ಕೂ ಬೇಡ" ಅಂದೆ ಅವನಿಗೆ. ಆರು ಮದುವೆಗಳಲ್ಲಿ ಎರಡು ಹೀಗೆ ಕಾರ್ಡಿನಿಂದಲೇ ಪೂರ್ತಿ ಸಿಕ್ಕಿದವು. ಮೂರರ ವಿಡಿಯೋ ರಿಪೇರಿಯಾಯಿತು, ಫೋಟೋ ಚೂರುಪಾರು. ಒಂದು ಮದುವೆಯದು ಏನೂ ಸಿಗಲಿಲ್ಲ. ನೆಂಟರ ಫೋನುಗಳಿಂದ ವಾಟ್ಸಾಪ್ ಫೋಟೋ ಬೇಡಿ ತಂದು ಆಲ್ಬಂ ಮಾಡಿದ. ಆ ಮನೆಯವರ ಎದುರು ಕೂತು ಅವನು ಹೇಳಿದ ಮಾತು ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಹೊರಗಿನ ಹಾರ್ಡ್ ಡಿಸ್ಕ್ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು. ಕಂಪ್ಯೂಟರಿಗೆ ಯಾವಾಗಲೂ ಚುಚ್ಚಿಕೊಂಡೇ ಇತ್ತು. ಅದಕ್ಕೂ ಬಾಲ.

ದುಡ್ಡು ಕೊಡಬೇಕಾ? ಅವನು ನೂರು ಸಲ ಕೇಳಿದ ಪ್ರಶ್ನೆ ಇದು. 490 ಡಾಲರ್ ಅಂದರೆ ಸುಮಾರು 40 ಸಾವಿರ ರೂಪಾಯಿ. ಆರು ಮದುವೆಯ ಲೆಕ್ಕದಲ್ಲಿ ಅದು ದೊಡ್ಡದಲ್ಲ ಅನ್ನುವುದು ಅವನ ವಾದ. ಕೊಡಬೇಡ ಅಂತ ಹೇಳುವುದು ನನಗೆ ಸುಲಭ, ಫೋಟೋ ನನ್ನದಲ್ಲ. ಆದರೂ ಕೊಡಬೇಡ ಅಂದೆ. ಕೀಲಿ ಬರುತ್ತದೆ ಅನ್ನುವುದಕ್ಕೆ ಯಾರ ಗ್ಯಾರಂಟಿಯೂ ಇಲ್ಲ. ಕೊಟ್ಟವನ ಇಮೇಲ್ 'ಕೊಡುವ ಗಿರಾಕಿ' ಅಂತ ಅವರ ಪಟ್ಟಿಗೆ ಸೇರಲೂಬಹುದು.

ಮಧ್ಯೆ ಇನ್ನೊಂದು ಜಾತಿಯ ಜನ ಬರುತ್ತಾರೆ. 'ನಿಮ್ಮ ಬಾಲದ ಫೈಲು ಬಿಡಿಸಿಕೊಡುತ್ತೇವೆ' ಅಂತ ಯೂಟ್ಯೂಬ್ ಕೆಳಗೆ, ಟೆಲಿಗ್ರಾಮಿನಲ್ಲಿ ಕಾದು ಕೂತವರು. ಆನ್‌ಲೈನ್ ಕೀ ಬಿದ್ದ ಫೈಲನ್ನು ಇವರು ಬಿಡಿಸಲಾರರು. ಹೆಚ್ಚೆಂದರೆ ಕಳ್ಳನಿಗೇ ದುಡ್ಡು ಕೊಟ್ಟು, ತಮ್ಮ ಕಮಿಷನ್ ಸೇರಿಸಿ ನಿಮ್ಮಿಂದ ತೆಗೆದುಕೊಳ್ಳುತ್ತಾರೆ. ಹುಡುಕಿ ಇಳಿಸುವ 'ದೇಜಾವೂ ಡಿಕ್ರಿಪ್ಟರ್'ಗಳ ಕತೆ ಇನ್ನೂ ಕೆಟ್ಟದು. 2020ರ ಜೂನಿನಲ್ಲಿ ಜೋರಾಬ್ ಎಂಬ ಬೇರೆಯೇ ರಾನ್ಸಮ್‌ವೇರ್ ದೇಜಾವೂ ಬಿಡಿಸುವ ಸಾಧನದ ವೇಷದಲ್ಲಿ ಬಂದಿತ್ತು. ಅದನ್ನು ಓಡಿಸಿದವರ ಬೀಗ ಹಾಕಿದ ಫೈಲುಗಳಿಗೆ ಮತ್ತೊಂದು ಬೀಗ ಬಿತ್ತು. ಗಾಯಕ್ಕೆ ಉಪ್ಪು ಅಂತೀವಲ್ಲ, ಹಾಗೆ. ಸಾಧನ ಬೇಕಿದ್ದರೆ ಎಮ್ಸಿಸಾಫ್ಟ್‌ನ ಸ್ವಂತ ಸೈಟಿಗೆ ಹೋಗಿ, ಅಥವಾ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳ ಜೊತೆ ಸೇರಿ 2016ರಲ್ಲಿ ಶುರು ಮಾಡಿದ 'ನೋ ಮೋರ್ ರಾನ್ಸಮ್' ಸೈಟಿಗೆ ಹೋಗಿ. ಯಾವ ತಳಿ ಅಂತ ಗೊತ್ತಾಗದಿದ್ದರೆ, ಗಿಲೆಸ್ಪಿಯೇ ಮಾಡಿದ 'ಐಡಿ ರಾನ್ಸಮ್‌ವೇರ್' ಸೈಟಿಗೆ ಚೀಟಿ ಮತ್ತು ಒಂದು ಫೈಲ್ ಹಾಕಿದರೆ ಹೇಳುತ್ತದೆ. ಸೈಟು ತೆರೆಯದಿದ್ದರೆ ಆ ಹೋಸ್ಟ್ಸ್ ಫೈಲಿನ ಮಾತು ನೆನಪಿಸಿಕೊಳ್ಳಿ, ಬೇರೆ ಮೆಷಿನ್ನಿನಿಂದ ನೋಡಿ.

ಸಾಧನ ಓಡಿಸುವ ಮೊದಲು ರೋಗ ತೆಗೆಯಬೇಕು. ನೆಟ್ ಕೇಬಲ್ ಕಿತ್ತು, ಚುಚ್ಚಿದ ಡಿಸ್ಕುಗಳನ್ನೆಲ್ಲ ಬಿಡಿಸಿ, ಒಳ್ಳೆಯ ಆಂಟಿವೈರಸ್ಸಿನಿಂದ ಪೂರ್ತಿ ಸ್ಕ್ಯಾನ್. ನನ್ನ ಅಭಿಪ್ರಾಯ ಕೇಳಿದರೆ, ಹಾರ್ಡ್ ಡಿಸ್ಕನ್ನೇ ಬಿಚ್ಚಿ ಪಕ್ಕಕ್ಕಿಟ್ಟು, ಹೊಸ ಡಿಸ್ಕಿಗೆ ವಿಂಡೋಸ್ ಹಾಕುವುದು ಮೇಲು. ಅಂಗಡಿಯವನು "ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗತ್ತೆ ಸರ್" ಅಂತಾನೆ. ಕಂಪ್ಯೂಟರ್ ಸರಿಹೋಗುತ್ತದೆ. ಫೈಲು, ಐಡಿ, ಚೀಟಿ ಎಲ್ಲವೂ ಅದರ ಜೊತೆ ಹೋಗುತ್ತದೆ. ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಸಿಂಕ್ ಇದ್ದವರು ಬ್ರೌಸರಿನಲ್ಲಿ ಹೋಗಿ ಹಳೇ ಆವೃತ್ತಿ, ಕಸದ ಬುಟ್ಟಿ ನೋಡಬೇಕು. ಅಲ್ಲಿ ಕೆಲವು ದಿನದವರೆಗೆ ಒಳ್ಳೆಯ ಪ್ರತಿ ಉಳಿದಿರುತ್ತದೆ. ತಡ ಮಾಡಿದರೆ ಅದೂ ಹೋಗುತ್ತದೆ.

ದೂರು ಕೊಡಬೇಕೆಂದರೆ 1930 ಸಹಾಯವಾಣಿ ಇದೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ನಮ್ಮ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ. ಫೈಲು ಅವರಿಂದ ವಾಪಸ್ ಬರುತ್ತದೆ ಅಂತ ಹೋಗಬೇಡಿ. ಕದ್ದ ಪಾಸ್‌ವರ್ಡಿನಿಂದ ನಾಳೆ ನಿಮ್ಮ ಹೆಸರಿನಲ್ಲಿ ಏನಾದರೂ ನಡೆದರೆ, ಇವತ್ತಿನ ದೂರಿನ ನಂಬರು ಕೈಯಲ್ಲಿರಲಿ ಅಂತ ಹೋಗಿ. ಗೆಳೆಯ ಮಾತ್ರ ಹೋಗಲಿಲ್ಲ. ಕ್ರ್ಯಾಕ್ ಹಾಕಿದ್ದೆ ಅಂತ ಪೊಲೀಸರ ಮುಂದೆ ಹೇಗೆ ಹೇಳಲಿ ಅಂದ. ಹೀಗೆ ಬಾಯಿ ಮುಚ್ಚಿಕೊಂಡವರು ಎಷ್ಟು ಜನವೋ. ಕಳ್ಳರು ಈ ಬಾಗಿಲನ್ನೇ ಆರಿಸಿಕೊಂಡದ್ದರಲ್ಲಿ ಈ ನಾಚಿಕೆಯ ಪಾಲೂ ಇದೆ ಅಂತ ನನಗೆ ಅನಿಸುತ್ತದೆ.

ಆಮೇಲೆ ಅವನು ಫೋಟೋಶಾಪಿಗೆ ತಿಂಗಳ ಚಂದಾ ಕಟ್ಟತೊಡಗಿದ. ವಿಡಿಯೋಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಪ್ರತಿ ಹಾಕಿಕೊಂಡ. ಬ್ಯಾಕಪ್ಪಿಗೆ ಎರಡು ಡಿಸ್ಕ್, ಒಂದು ಸ್ಟುಡಿಯೋದಲ್ಲಿ, ಒಂದು ಮನೆಯಲ್ಲಿ. ಕಾಪಿ ಆದ ಕೂಡಲೇ ವೈರ್ ಕಿತ್ತಿಡುತ್ತಾನೆ.

ಹಳೇ ಡಿಸ್ಕ್ ಮಾತ್ರ ಎಸೆದಿಲ್ಲ. ಎಸೆಯಬೇಡ ಅಂದದ್ದು ನಾನೇ. ಶೇಡ್ ಎಂಬ ರಾನ್ಸಮ್‌ವೇರ್ ನಡೆಸುತ್ತಿದ್ದವರು 2020ರ ಏಪ್ರಿಲಿನಲ್ಲಿ ಅಂಗಡಿ ಮುಚ್ಚಿ, ಏಳೂವರೆ ಲಕ್ಷಕ್ಕೂ ಹೆಚ್ಚು ಕೀಲಿಗಳನ್ನು ಬಿಟ್ಟಿ ಹಂಚಿದರು. ಮರು ವರ್ಷ ಅವಡಾನ್ ಗುಂಪು 2,934 ಕೀಲಿ ಕೊಟ್ಟು ಹೊರಟುಹೋಯಿತು. ದೇಜಾವೂದವರಿಗೂ ಒಂದು ದಿನ ಹಾಗನ್ನಿಸಿದರೆ? ಡಿಸ್ಕಿಗೆ ಪೇಪರ್ ಸುತ್ತಿ, ಮೇಲೆ ಮಾರ್ಕರಿನಲ್ಲಿ ಆ ಮದುವೆಯ ತಾರೀಕು, ಮದುಮಕ್ಕಳ ಹೆಸರು, ಪರ್ಸನಲ್ ಐಡಿ ಬರೆದು, ಆಲ್ಬಂ ಸ್ಯಾಂಪಲ್ ಇಡುವ ಡ್ರಾಯರಿನಲ್ಲಿ ಇಟ್ಟಿದ್ದಾನೆ. ಮೊನ್ನೆ ಹೋದಾಗ ನೋಡಿದೆ. ಆ ಮದುಮಕ್ಕಳ ಮಗುವಿನ ಮೊದಲ ಹುಟ್ಟುಹಬ್ಬದ ಫೋಟೋ ತೆಗೆಯಲು ಅವನನ್ನೇ ಕರೆದಿದ್ದರಂತೆ.